ಸ್ತನ ಕ್ಯಾನ್ಸರ್ ಮತ್ತು ತಲೆಯೊಳಗಿನ ಓಟ: 'ಪಾಸಿಟಿವ್ ಆಗಿರಿ' ಅಂದರೆ ಸಾಲದು

ಸ್ತನ ಕ್ಯಾನ್ಸರ್ ಅಂತ ರಿಪೋರ್ಟ್ ಬಂದ ಮಾರನೇ ದಿನದಿಂದಲೇ ಒಂದು ಉಪದೇಶ ಶುರುವಾಗುತ್ತದೆ. ನೆಂಟರು, ಪಕ್ಕದ ಮನೆಯವರು, ಜೊತೆಗೆ ಕೆಲಸ ಮಾಡುವವರು, ಒಮ್ಮೊಮ್ಮೆ ಡಾಕ್ಟರೂ ಅದನ್ನೇ ಹೇಳುತ್ತಾರೆ. ಪಾಸಿಟಿವ್ ಆಗಿರಿ, ಕೆಟ್ಟದ್ದು ಯೋಚಿಸಬೇಡಿ, ಮನಸ್ಸು ಗಟ್ಟಿ ಇದ್ದರೆ ಅರ್ಧ ಕಾಯಿಲೆ ವಾಸಿಯಾದ ಹಾಗೆ. ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ಈ ಮಾತಿನಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಕಲಸಿಹೋಗಿವೆ. ಯೋಚಿಸುವ ರೀತಿಯಿಂದ ಗಡ್ಡೆಗೆ ಏನಾದರೂ ಆಗುತ್ತದಾ ಅನ್ನುವುದು ಒಂದು. ಅದರಿಂದ ಆ ಹೆಂಗಸಿನ ನಿದ್ದೆ, ಧೈರ್ಯ, ದಿನ ಕಳೆಯುವ ಶಕ್ತಿಗೆ ಏನಾಗುತ್ತದೆ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಹೆಚ್ಚುಕಡಿಮೆ 'ಇಲ್ಲ'. ಎರಡನೆಯದಕ್ಕೆ 'ಹೌದು, ತುಂಬಾನೇ'. ಇವೆರಡನ್ನೂ ಬಿಡಿಸಿ ನೋಡದಿದ್ದರೆ ಸಮಾಧಾನಕ್ಕೆ ಹೇಳಿದ ಮಾತೇ ರೋಗಿಯ ತಲೆಮೇಲೆ ಹೊರೆಯಾಗಿ ಕೂರುತ್ತದೆ.

ಈ ಕಾಯಿಲೆ ಗಂಡಸರಿಗೂ ಬರುತ್ತದೆ, ಒಟ್ಟು ರೋಗಿಗಳಲ್ಲಿ ನೂರಕ್ಕೆ ಅರ್ಧದಿಂದ ಒಂದರಷ್ಟು. ಆದರೆ ಮನಸ್ಸಿನ ಬಗ್ಗೆ ನಡೆದ ಅಧ್ಯಯನಗಳು ಬಹುತೇಕ ಹೆಂಗಸರ ಮೇಲೇ ಆಗಿವೆ. ಹಾಗಾಗಿ ಇಲ್ಲೂ ಅವರ ಮಾತೇ ಜಾಸ್ತಿ ಬರುತ್ತದೆ.

ಮೊದಲು ಗಡ್ಡೆಯ ವಿಷಯ ಮುಗಿಸಿಬಿಡೋಣ. 'ಹೋರಾಡುವ ಮನಸ್ಸಿದ್ದರೆ ಬದುಕುತ್ತೀರಿ' ಅನ್ನುವ ನಂಬಿಕೆಗೆ ಒಂದು ಮೂಲ ಇದೆ. 1979ರಲ್ಲಿ ಬ್ರಿಟನ್ನಿನ ಮನೋವೈದ್ಯ ಸ್ಟೀವನ್ ಗ್ರೀರ್ ಮತ್ತು ಅವರ ಜೊತೆಗಾರರು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆರಂಭಿಕ ಹಂತದ ಸ್ತನ ಕ್ಯಾನ್ಸರ್ ಇದ್ದ 69 ಹೆಂಗಸರು ಕಾಯಿಲೆಯನ್ನು ಹೇಗೆ ಸ್ವೀಕರಿಸಿದರು ಅಂತ ಗಮನಿಸಿ, ಐದು ವರ್ಷದ ನಂತರ ಯಾರು ಹೇಗಿದ್ದಾರೆ ಅಂತ ನೋಡಿದರು. ಹೋರಾಟದ ಮನೋಭಾವ ತೋರಿದವರೂ, 'ನನಗೇನೂ ಆಗಿಲ್ಲ' ಅಂತ ಕಾಯಿಲೆಯನ್ನೇ ಅಲ್ಲಗಳೆದವರೂ ಉಳಿದವರಿಗಿಂತ ಚೆನ್ನಾಗಿದ್ದರು. ಜನ ಇದರಲ್ಲಿ ಮೊದಲನೆಯ ಅರ್ಧವನ್ನು ಮಾತ್ರ ನೆನಪಿಟ್ಟುಕೊಂಡರು ಅನ್ನುವುದು ತಮಾಷೆ. ಅಲ್ಲಗಳೆದವರ ವಿಷಯ ಯಾರ ಭಾಷಣದಲ್ಲೂ ಬರಲಿಲ್ಲ.

69 ಜನ ಅಂದರೆ ಸಣ್ಣ ಲೆಕ್ಕ. ಗ್ರೀರ್ ಕೂಡ ಸೇರಿದ್ದ ತಂಡವೊಂದು ಮುಂದೆ 578 ಹೆಂಗಸರನ್ನು ಕನಿಷ್ಠ ಐದು ವರ್ಷ ಹಿಂಬಾಲಿಸಿತು. ಮ್ಯಾಗಿ ವಾಟ್ಸನ್ ಮುಂದಾಳತ್ವದ ಆ ಫಲಿತಾಂಶ 1999ರಲ್ಲಿ ಅದೇ ಲ್ಯಾನ್ಸೆಟ್‌ನಲ್ಲಿ ಬಂತು. ಹೋರಾಟದ ಮನೋಭಾವಕ್ಕೂ ಬದುಕುಳಿಯುವುದಕ್ಕೂ ನಂಟು ಕಾಣಲಿಲ್ಲ. ಪೂರ್ತಿ ಕೈಚೆಲ್ಲಿ ಕೂತವರಲ್ಲಿ ಸ್ವಲ್ಪ ಕೆಟ್ಟ ಫಲಿತಾಂಶ ಕಂಡಿತು. ಆದರೆ ನಂಟು ಕಂಡ ಮಾತ್ರಕ್ಕೆ ಅದೇ ಕಾರಣ ಅಂತಲ್ಲ. ಕೈಚೆಲ್ಲಿದವರು ಮಾತ್ರೆ ತಪ್ಪಿಸಿರಬಹುದು, ಊಟ ಬಿಟ್ಟಿರಬಹುದು, ಮೈಯಲ್ಲಿ ಆಗಲೇ ಜಾಸ್ತಿ ತೊಂದರೆ ಇದ್ದುದರಿಂದಲೇ ಮನಸ್ಸು ಕುಸಿದಿರಬಹುದು. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ವಿಮರ್ಶೆಯೊಂದು ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ, ಮನೋಭಾವ ಆಯುಸ್ಸನ್ನು ಹೆಚ್ಚಿಸುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ ಅಂದಿತು.

ಗುಂಪು ಚಿಕಿತ್ಸೆಯ ಕಥೆಯೂ ಹೀಗೆಯೇ. 1989ರಲ್ಲಿ ಅಮೆರಿಕದ ಮನೋವೈದ್ಯ ಡೇವಿಡ್ ಸ್ಪೀಗೆಲ್, ಬೇರೆ ಅಂಗಗಳಿಗೆ ಹರಡಿದ ಸ್ತನ ಕ್ಯಾನ್ಸರ್ ಇದ್ದ 86 ಹೆಂಗಸರ ಅಧ್ಯಯನ ಪ್ರಕಟಿಸಿದರು. ವಾರಕ್ಕೊಮ್ಮೆ ಗುಂಪಾಗಿ ಕೂತು ಮನಸ್ಸು ಬಿಚ್ಚಿ ಮಾತಾಡಿದವರು ಸರಾಸರಿ 36.6 ತಿಂಗಳು ಬದುಕಿದರು, ಉಳಿದವರು 18.9 ತಿಂಗಳು. ಎಲ್ಲರೂ ಬೆರಗಾದರು. 2001ರಲ್ಲಿ ಕೆನಡಾದಲ್ಲಿ 235 ಹೆಂಗಸರ ಮೇಲೆ ಅದೇ ಬಗೆಯ ಚಿಕಿತ್ಸೆಯನ್ನು ಪರೀಕ್ಷಿಸಿದಾಗ ಆಯುಸ್ಸಿನಲ್ಲಿ ವ್ಯತ್ಯಾಸವೇ ಬರಲಿಲ್ಲ. ಆದರೆ ಗುಂಪಿನಲ್ಲಿದ್ದವರ ಮನಸ್ಸಿನ ಸಂಕಟ ಕಡಿಮೆಯಾಗಿತ್ತು, ನೋವು ಕೂಡ ಕಡಿಮೆ ಅನ್ನಿಸಿತ್ತು. ನನ್ನ ಮಟ್ಟಿಗೆ ಇದು ಸೋಲಲ್ಲ. ಇರುವ ದಿನಗಳು ಕಡಿಮೆ ಸಂಕಟದಲ್ಲಿ ಕಳೆಯುವುದಾದರೆ ಅದಕ್ಕಿಂತ ಬೇರೆ ಸಮರ್ಥನೆ ಯಾಕೆ ಬೇಕು?

ಈಗ ಎರಡನೇ ಪ್ರಶ್ನೆ. ಇಲ್ಲೇ ನಿಜವಾದ ಸರಕಿರುವುದು.

1960ರ ದಶಕದಲ್ಲಿ ಆರನ್ ಬೆಕ್ ಅನ್ನುವ ಮನೋವೈದ್ಯರು ಖಿನ್ನತೆ ಇದ್ದವರನ್ನು ನೋಡುತ್ತಾ ಒಂದು ಸಂಗತಿ ಗಮನಿಸಿದರು. ಘಟನೆಗೂ ನೋವಿಗೂ ನಡುವೆ ಒಂದು ಯೋಚನೆ ಮಿಂಚಿ ಹೋಗುತ್ತದೆ. ತಾನಾಗಿಯೇ ಬರುತ್ತದೆ, ಎಷ್ಟು ಬೇಗ ಅಂದರೆ ಬಂದದ್ದೇ ಗೊತ್ತಾಗುವುದಿಲ್ಲ. ಅದನ್ನು ನಾವು 'ಇದು ನನ್ನ ಯೋಚನೆ' ಅಂತ ನೋಡುವುದಿಲ್ಲ, ಸುಮ್ನೆ ನಿಜ ಅಂತ ತೆಗೆದುಕೊಂಡುಬಿಡುತ್ತೇವೆ. ಫಾಲೋಅಪ್‌ಗೆ ಹೋದಾಗ ಡಾಕ್ಟರ್ ಸ್ಕ್ಯಾನ್ ನೋಡುತ್ತಾ ಒಂದು ಕ್ಷಣ ಸುಮ್ಮನಾದರು ಅಂದುಕೊಳ್ಳಿ. 'ಏನೋ ಕೆಟ್ಟದ್ದು ಕಂಡಿದೆ, ಹೇಗೆ ಹೇಳಲಿ ಅಂತ ಯೋಚಿಸುತ್ತಿದ್ದಾರೆ' ಅಂತ ಮನಸ್ಸು ಆಗಲೇ ತೀರ್ಪು ಬರೆದಾಯಿತು. ಡಾಕ್ಟರ್ ಹಳೆಯ ಫಿಲ್ಮ್ ಎಲ್ಲಿಟ್ಟೆ ಅಂತ ಹುಡುಕುತ್ತಿರಬಹುದು, ಆದರೆ ಎದೆ ಆಗಲೇ ಹೊಡೆದುಕೊಳ್ಳಲು ಶುರುಮಾಡಿರುತ್ತದೆ.

ಇದರಲ್ಲೂ ಕೆಲವು ಮಾದರಿಗಳು ಪದೇ ಪದೇ ಕಾಣಿಸಿಕೊಳ್ಳುತ್ತವೆ. ಸಣ್ಣ ಸುಳಿವಿನಿಂದ ನೇರ ಕೊನೆಯ ಹಂತಕ್ಕೆ ಜಿಗಿಯುವುದು ಒಂದು. 'ಮೊದಲಿನಂತೆ ಇಲ್ಲ ಅಂದಮೇಲೆ ನಾನು ಯಾತಕ್ಕೂ ಬಾರದವಳು' ಅನ್ನುವ ಎಲ್ಲ-ಇಲ್ಲ ಲೆಕ್ಕ ಇನ್ನೊಂದು. 'ಗಂಡ ನನ್ನ ಕಡೆ ನೋಡದೆ ಬಟ್ಟೆ ಬದಲಿಸಿದರು, ಅಂದರೆ ನನ್ನ ಮೈ ಕಂಡರೆ ಹೇಸಿಗೆ' ಅಂತ ಬೇರೆಯವರ ಮನಸ್ಸನ್ನು ಓದುವುದು ಮತ್ತೊಂದು. ಕಾಯಿಲೆ ಇಲ್ಲದವರೂ ಹೀಗೆ ಯೋಚಿಸುತ್ತಾರೆ, ಅಲ್ವಾ? ವ್ಯತ್ಯಾಸ ಏನಂದರೆ, ಕ್ಯಾನ್ಸರ್ ಬಂದವರ ವಿಷಯದಲ್ಲಿ ಕೆಟ್ಟ ಯೋಚನೆ ಪೂರ್ತಿ ಸುಳ್ಳಲ್ಲ. ಕಾಯಿಲೆ ಮರುಕಳಿಸಬಹುದು, ಅದು ನಿಜವಾದ ಸಾಧ್ಯತೆ. ಆದ್ದರಿಂದ 'ನಿಮ್ಮ ಯೋಚನೆ ತಪ್ಪು' ಅಂತ ವಾದ ಮಾಡಿ ಅವರನ್ನು ಗೆಲ್ಲಲು ಆಗುವುದಿಲ್ಲ, ಗೆಲ್ಲಲೂಬಾರದು. ಇದು ಕ್ಯಾನ್ಸರ್ ರೋಗಿಗಳಿಗೆ ಕೌನ್ಸೆಲಿಂಗ್ ಮಾಡುವವರಿಗೆ ಬೇಗ ಅರ್ಥವಾಗುವ ಕಷ್ಟ.

ಹಾಗಾದರೆ ತೊಂದರೆ ಇರುವುದೆಲ್ಲಿ? ಯೋಚನೆ ಬರುವುದರಲ್ಲಿ ಅಷ್ಟಾಗಿ ಇಲ್ಲ. ಬಂದ ಮೇಲೆ ಅದರ ಹಿಂದೆ ಎಷ್ಟು ದೂರ ಹೋಗುತ್ತೇವೆ ಅನ್ನುವುದರಲ್ಲಿದೆ. ಒಂದು ರಾತ್ರಿಯನ್ನು ಹತ್ತಿರದಿಂದ ನೋಡೋಣ.

ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿದು ಒಂದು ವರ್ಷವಾಗಿದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ, ಬೆನ್ನು ನೋಯುತ್ತಿದೆ. 'ಮೂಳೆಗೆ ಹರಡಿತಾ?' ಅಂತ ಒಂದು ಯೋಚನೆ ಬರುತ್ತದೆ. ಇಷ್ಟಾದರೆ ಸಹಜ. ಮುಂದೆ ನೋಡಿ. ಕಳೆದ ವಾರವೂ ನೋವಿತ್ತಾ ಅಂತ ನೆನಪಿಸಿಕೊಳ್ಳುತ್ತಾಳೆ. ಇತ್ತು ಅನ್ನಿಸುತ್ತದೆ. ಮೊಬೈಲ್ ತೆಗೆದು ಹುಡುಕುತ್ತಾಳೆ, ಮೊದಲ ಪುಟದಲ್ಲೇ ಹೆದರುವಂಥದ್ದು ಸಿಗುತ್ತದೆ. ಕಂಕುಳನ್ನು ಒತ್ತಿ ನೋಡುತ್ತಾಳೆ, ಮತ್ತೆ ಒತ್ತುತ್ತಾಳೆ, ಒತ್ತಿ ಒತ್ತಿ ಅಲ್ಲೂ ನೋವು ಬರುತ್ತದೆ. ಗಂಡನನ್ನು ಎಬ್ಬಿಸುತ್ತಾಳೆ. 'ಏನೂ ಇಲ್ಲ, ಹಗಲೆಲ್ಲ ಬಗ್ಗಿ ಕೆಲಸ ಮಾಡಿದೆಯಲ್ಲ, ಅದಕ್ಕೇ ಇರಬೇಕು, ಮಲಕೋ' ಅನ್ನುತ್ತಾನೆ. ಅರ್ಧ ಗಂಟೆ ನೆಮ್ಮದಿ. ಆಮೇಲೆ, 'ಅವರಿಗೇನು ಗೊತ್ತು, ಅವರೇನು ಡಾಕ್ಟರಾ' ಅಂತ ಮತ್ತೆ ಶುರು. ಬೆಳಗಾಗುವ ಹೊತ್ತಿಗೆ ಮಕ್ಕಳನ್ನು ಮುಂದೆ ಯಾರು ನೋಡಿಕೊಳ್ಳುತ್ತಾರೆ ಅನ್ನುವಲ್ಲಿಗೆ ಬಂದು ನಿಂತಿರುತ್ತಾಳೆ.

ನೋವು ಇನ್ನೂ ಅದೇ ಬೆನ್ನುನೋವು, ಅದರ ಬಗ್ಗೆ ಹೊಸದೇನೂ ಗೊತ್ತಾಗಿಲ್ಲ. ಆದರೆ ನಾಲ್ಕು ಗಂಟೆ ನಿದ್ದೆ ಹೋಯಿತು. ಕೆಸರಲ್ಲಿ ಸಿಕ್ಕ ಚಕ್ರ ಗಿರ್ರನೆ ತಿರುಗಿದ ಹಾಗೆ: ಎಷ್ಟು ಜೋರಾಗಿ ತಿರುಗಿದರೆ ಅಷ್ಟು ಆಳಕ್ಕೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಸೂಸನ್ ನೋಲನ್-ಹೂಕ್ಸೆಮಾ ಹೀಗೆ ಸಂಕಟವನ್ನೇ ಮೆಲುಕು ಹಾಕುವ ಅಭ್ಯಾಸದ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದರು. 'ನನಗೇ ಯಾಕೆ, ನಾನು ಯಾಕೆ ಹೀಗಾದೆ' ಅಂತ ಸುತ್ತುವ ಯೋಚನೆ ಖಿನ್ನತೆಯನ್ನು ಉದ್ದ ಮಾಡುತ್ತದೆ, ಎದುರಿಗಿರುವ ಸಮಸ್ಯೆಯನ್ನು ಬಿಡಿಸುವ ಶಕ್ತಿಯನ್ನೇ ಕುಗ್ಗಿಸುತ್ತದೆ ಅನ್ನುವುದು ಅವರ ಕೆಲಸದ ಸಾರ. 'ಯಾಕೆ' ಅನ್ನುವ ಪ್ರಶ್ನೆಗೆ ಕೊನೆಯಿಲ್ಲ. 'ನಾಳೆ ಬೆಳಗ್ಗೆ ಏನು ಮಾಡಲಿ' ಅನ್ನುವುದಕ್ಕೆ ಏನೋ ಒಂದು ಉತ್ತರ ಇರುತ್ತದೆ.

ಇನ್ನೂ ಒಂದು ಪದರ ಕೆಳಗೆ ಹೋದರೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ ಸಿಗುತ್ತದೆ. ಚಿಂತೆಯ ಬಗ್ಗೆಯೇ ನಮಗೆ ಕೆಲವು ನಂಬಿಕೆಗಳಿರುತ್ತವೆ. ಬ್ರಿಟನ್ನಿನ ಏಡ್ರಿಯನ್ ವೆಲ್ಸ್ ಅನ್ನುವ ಮನಶ್ಶಾಸ್ತ್ರಜ್ಞರು ಈ ನಂಬಿಕೆಗಳನ್ನೇ ಹಿಡಿದು ಒಂದು ಚಿಕಿತ್ಸಾ ವಿಧಾನ ಕಟ್ಟಿದರು. ನಂಬಿಕೆಗಳು ಎರಡು ಬಗೆ. ಒಂದು, ಚಿಂತೆಯಿಂದ ಉಪಯೋಗವಿದೆ ಅನ್ನುವುದು: 'ಸದಾ ಚಿಂತೆ ಮಾಡುತ್ತಿದ್ದರೆ ಎಚ್ಚರವಾಗಿರುತ್ತೇನೆ, ಮೈಮರೆತರೆ ಕಾಯಿಲೆ ನುಗ್ಗಿಬಿಡುತ್ತದೆ.' ಇನ್ನೊಂದು ಇದಕ್ಕೆ ತಿರುಗುಮುರುಗು: 'ಈ ಚಿಂತೆ ನನ್ನ ಕೈಮೀರಿದೆ, ಹೀಗೆ ಚಿಂತಿಸಿದರೆ ಕ್ಯಾನ್ಸರ್ ವಾಪಸ್ ಬರುತ್ತದೆ.' ಒಬ್ಬರಲ್ಲೇ ಎರಡೂ ಇರಬಹುದು, ಬಹಳ ಸಲ ಇರುತ್ತವೆ ಕೂಡ. ಆಗ ಚಿಂತೆ ಮಾಡಿದರೂ ಭಯ, ಬಿಟ್ಟರೂ ಭಯ. ಬ್ರಿಟನ್ನಿನಲ್ಲಿ ಸ್ತನ ಮತ್ತು ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳನ್ನು ಚಿಕಿತ್ಸೆಗೆ ಮೊದಲು ಕೇಳಿ, ಒಂದು ವರ್ಷದ ನಂತರ ಮತ್ತೆ ನೋಡಿದಾಗ, ಯಾರ ಆತಂಕ ಉಳಿದುಕೊಳ್ಳುತ್ತದೆ ಅನ್ನುವುದಕ್ಕೆ ಇಂಥ ನಂಬಿಕೆಗಳು ಒಳ್ಳೆಯ ಸುಳಿವು ಕೊಟ್ಟವು. ಅದರಲ್ಲೂ 'ಚಿಂತೆ ಅಪಾಯ, ನನ್ನ ಹಿಡಿತಕ್ಕೆ ಸಿಗದು' ಅನ್ನುವ ಎರಡನೇ ಬಗೆ.

ಈಗ ಮೊದಲಿನ ಉಪದೇಶಕ್ಕೆ ಬನ್ನಿ. 'ಕೆಟ್ಟದ್ದು ಯೋಚಿಸಿದರೆ ಕಾಯಿಲೆ ಜಾಸ್ತಿಯಾಗುತ್ತದೆ' ಅಂತ ಎದುರು ಕೂತವರು ಹೇಳಿದಾಗ ಅವರು ರೋಗಿಗೆ ಕೊಡುತ್ತಿರುವುದು ನಿಖರವಾಗಿ ಈ ಎರಡನೇ ನಂಬಿಕೆಯನ್ನು. ಮೊದಲು ಕಾಯಿಲೆಯ ಭಯ ಒಂದಿತ್ತು, ಈಗ ಭಯದ ಭಯವೂ ಸೇರಿಕೊಂಡಿತು. ಅತ್ತರೆ ತಪ್ಪು, ಬೇಜಾರಾದರೆ ತಪ್ಪು, ಮರುಕಳಿಸಿದರೆ 'ನಾನೇ ಗಟ್ಟಿಯಾಗಿರಲಿಲ್ಲ' ಅನ್ನುವ ಅಪರಾಧಿ ಭಾವ. ಕ್ಯಾನ್ಸರ್ ರೋಗಿಗಳ ಮನಸ್ಸಿನ ಆರೈಕೆಯನ್ನೇ ಒಂದು ವೈದ್ಯಕೀಯ ವಿಭಾಗವಾಗಿ ಬೆಳೆಸಿದ ನ್ಯೂಯಾರ್ಕಿನ ಜಿಮ್ಮಿ ಹಾಲೆಂಡ್ ಇದನ್ನು ಪಾಸಿಟಿವ್ ಯೋಚನೆಯ ದಬ್ಬಾಳಿಕೆ ಅಂತಲೇ ಕರೆದಿದ್ದರು. ಜಾಸ್ತಿ ಕಟುವಾಯಿತು ಅಂತ ನನಗನ್ನಿಸುವುದಿಲ್ಲ.

ಯೋಚಿಸಬೇಡ ಅಂದರೆ ಯೋಚನೆ ನಿಲ್ಲುವುದೂ ಇಲ್ಲ. 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಒಂದಷ್ಟು ವಿದ್ಯಾರ್ಥಿಗಳನ್ನು ಕೂರಿಸಿ, ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ ಅಂದರು. ಕರಡಿ ಬರುತ್ತಲೇ ಇತ್ತು. ಆಮೇಲೆ ಈಗ ಬೇಕಾದರೆ ಯೋಚಿಸಿ ಅಂದಾಗ, ಮೊದಲು ತಡೆಹಿಡಿದವರ ತಲೆಯಲ್ಲಿ ಅದು ಇನ್ನೂ ಹೆಚ್ಚಾಗಿ ಬಂತು. ಸುಮ್ಮನೆ ಒಂದು ಕರಡಿಗೇ ಹೀಗಾದರೆ, ತನ್ನ ಜೀವದ ಪ್ರಶ್ನೆಯನ್ನು 'ಮರೆತುಬಿಡು' ಅಂದರೆ ಆದೀತೇ?

ಇನ್ನು ತನ್ನನ್ನೇ ದೂರುವುದು. ಮಗುವಿಗೆ ಹಾಲು ಬೇಗ ಬಿಡಿಸಿದೆ, ತೂಕ ಇಳಿಸಲಿಲ್ಲ, ಗಂಟು ಕಂಡಾಗಲೇ ಹೋಗಲಿಲ್ಲ, ಟೆನ್ಷನ್ ಮಾಡಿಕೊಂಡೆ. 1979ರಲ್ಲಿ ಮನಶ್ಶಾಸ್ತ್ರಜ್ಞೆ ರಾನಿ ಜಾನಾಫ್-ಬುಲ್ಮನ್ ಇದರಲ್ಲಿ ಎರಡು ಬಗೆ ಗುರುತಿಸಿದರು: 'ನಾನು ಹೀಗೆ ಮಾಡಿದೆ' ಅನ್ನುವುದು ಮತ್ತು 'ನಾನು ಇರುವುದೇ ಹೀಗೆ' ಅನ್ನುವುದು. ಮೊದಲನೆಯದು ಒಳ್ಳೆಯದೇ ಇರಬಹುದು, ಮಾಡಿದ್ದನ್ನು ತಿದ್ದಿಕೊಳ್ಳಬಹುದಲ್ಲ ಅನ್ನುವುದು ಅವರ ಊಹೆ. ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ನೋಡಿದಾಗ ಎರಡೂ ಸಂಕಟವನ್ನೇ ತಂದಿದ್ದವು. ವಾಸ್ತವವನ್ನೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ಸ್ತನ ಕ್ಯಾನ್ಸರ್ ಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ, ಹೆಣ್ಣಾಗಿರುವುದು ಮತ್ತು ವಯಸ್ಸು ನಲವತ್ತು ದಾಟಿರುವುದು ಬಿಟ್ಟರೆ ಹೇಳಿಕೊಳ್ಳುವಂಥ ಬೇರೆ ಅಪಾಯದ ಅಂಶವೇ ಇರುವುದಿಲ್ಲ. ಟೆನ್ಷನ್‌ನಿಂದಲೇ ಬಂತು ಅನ್ನುವವರಿಗೆ, ಬ್ರಿಟನ್ನಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಹಿಂಬಾಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನ ನೆನಪಿರಲಿ. ಮಾನಸಿಕ ಒತ್ತಡಕ್ಕೂ ಸ್ತನ ಕ್ಯಾನ್ಸರ್ ಬರುವುದಕ್ಕೂ ಅಲ್ಲಿ ಗಟ್ಟಿಯಾದ ನಂಟು ಸಿಗಲಿಲ್ಲ.

ಎಲ್ಲ ಯೋಚನೆಯೂ ಕಾಡುವಂಥದ್ದೇ ಅಂದುಕೊಳ್ಳಬೇಡಿ. ಶೆಲ್ಲಿ ಟೇಲರ್ ಅನ್ನುವ ಮನಶ್ಶಾಸ್ತ್ರಜ್ಞೆ 1980ರ ದಶಕದ ಆರಂಭದಲ್ಲಿ ಸ್ತನ ಕ್ಯಾನ್ಸರ್ ಆದ 78 ಹೆಂಗಸರನ್ನು ಮಾತಾಡಿಸಿದರು. ಅಲ್ಲಿ ಕಂಡದ್ದು ನನಗೆ ಬಹಳ ಇಷ್ಟ. ಗಡ್ಡೆ ಮಾತ್ರ ತೆಗೆಸಿಕೊಂಡವರು 'ಪಾಪ, ಪೂರ್ತಿ ಸ್ತನ ತೆಗೆದವರ ಗತಿ ಏನು' ಅಂದರು. ಪೂರ್ತಿ ತೆಗೆಸಿಕೊಂಡ ವಯಸ್ಸಾದವರು 'ನನಗೇನು, ಚಿಕ್ಕ ವಯಸ್ಸಿನವರಿಗೆ ಹೀಗಾದರೆ ಕಷ್ಟ' ಅಂದರು. ತೀರಾ ಕಷ್ಟದಲ್ಲಿದ್ದವರು 'ಸದ್ಯ, ನೋವಿಲ್ಲವಲ್ಲ' ಅಂದರು. ಪ್ರತಿಯೊಬ್ಬರೂ ತಮಗಿಂತ ಕಷ್ಟದಲ್ಲಿರುವ ಯಾರನ್ನೋ ಹುಡುಕಿಕೊಂಡಿದ್ದರು. ಬಹುಪಾಲು ಮಂದಿಗೆ ಕಾಯಿಲೆ ಯಾಕೆ ಬಂತು ಅನ್ನುವುದಕ್ಕೂ ಒಂದು ವಿವರಣೆ ಇತ್ತು, ಎದೆಗೆ ಹಿಂದೆಂದೋ ಬಿದ್ದ ಪೆಟ್ಟು ಅಂದವರೂ ಇದ್ದರು. ವೈದ್ಯಕೀಯವಾಗಿ ಅದು ಸರಿಯಲ್ಲ. ಆದರೆ ಮನಸ್ಸು ಕುಸಿದ ಮನೆಯನ್ನು ಕೈಗೆ ಸಿಕ್ಕಿದ್ದರಲ್ಲೇ ಕಟ್ಟಿಕೊಳ್ಳುತ್ತದೆ, ಚಿಕಿತ್ಸೆಗೆ ಅಡ್ಡ ಬರದಿದ್ದರೆ ಅಂಥ ನಂಬಿಕೆಯನ್ನು ಕಿತ್ತುಹಾಕುವ ಉಸಾಬರಿ ನಮಗೆ ಬೇಡ. ಅಡ್ಡ ಬಂದಾಗ ಮಾತ್ರ, ಅಂದರೆ 'ನನಗೇನೂ ಇಲ್ಲ' ಅಂತ ಬಯಾಪ್ಸಿ ಮುಂದೂಡಿದಾಗ ಅಥವಾ ಮಾತ್ರೆ ಬಿಟ್ಟಾಗ, ಮಧ್ಯೆ ಬಾಯಿ ಹಾಕಲೇಬೇಕು.

ಸುಳಿಯಿಂದ ಹೊರಗೆ ಬರಲು ಏನು ಮಾಡಬಹುದು? ಬೆಕ್ ಅವರ ದಾರಿಯಲ್ಲಿ ಬಂದ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಚಿಕಿತ್ಸೆಯಲ್ಲಿ ಯೋಚನೆಯನ್ನು ಕಾಗದದ ಮೇಲೆ ಬರೆದು, ಇದಕ್ಕೆ ಆಧಾರ ಏನು, ಇದನ್ನು ಬೇರೆ ರೀತಿಯಲ್ಲಿ ನೋಡಬಹುದಾ ಅಂತ ಕೇಳಿಕೊಳ್ಳುತ್ತಾರೆ. ವೆಲ್ಸ್ ಅವರ ದಾರಿ ಬೇರೆ. ಯೋಚನೆ ನಿಜವೋ ಸುಳ್ಳೋ ಅನ್ನುವ ಪಂಚಾಯಿತಿಗೇ ಹೋಗುವುದಿಲ್ಲ. ಬಂತು, ಬರಲಿ, ಈಗ ಹಿಂದೆ ಹೋಗುವುದಿಲ್ಲ, ಸಂಜೆ ಆರು ಗಂಟೆಗೆ ಹದಿನೈದು ನಿಮಿಷ ಕೂತು ಚಿಂತೆ ಮಾಡುತ್ತೇನೆ ಅಂತ ಮುಂದೂಡುವುದು. ಕೇಳಿದರೆ ನಗು ಬರುತ್ತದೆ. ಆದರೆ ಆರು ಗಂಟೆಗೆ ಆ ಚಿಂತೆ ಎಷ್ಟೋ ಸಲ ನೆನಪೇ ಇರುವುದಿಲ್ಲ, ಇದ್ದರೂ ರಾತ್ರಿ ಎರಡು ಗಂಟೆಯ ಆರ್ಭಟ ಇರುವುದಿಲ್ಲ. ಅದಕ್ಕಿಂತ ಮುಖ್ಯ, 'ಚಿಂತೆ ನನ್ನ ಕೈಮೀರಿದೆ' ಅನ್ನುವ ನಂಬಿಕೆಗೆ ಅಲ್ಲೇ ಪೆಟ್ಟು ಬೀಳುತ್ತದೆ: ಮುಂದೂಡಲು ಆಯಿತಲ್ಲ! ಮುಂದೂಡುವುದು ಅಂದರೆ ಅದುಮಿಡುವುದಲ್ಲ, ಕರಡಿ ಬೇಕಾದರೆ ಕೋಣೆಯ ಮೂಲೆಯಲ್ಲಿ ಕೂತಿರಲಿ, ಮಾತಾಡಿಸುವುದು ಬೇಡ ಅಷ್ಟೇ.

ಇಂಥ ವಿಧಾನಗಳನ್ನು ಸೇರಿಸಿ ಆಸ್ಟ್ರೇಲಿಯಾದಲ್ಲಿ ಮರುಕಳಿಸುವ ಭಯಕ್ಕೇ ಒಂದು ಚಿಕಿತ್ಸೆ ರೂಪಿಸಿದರು, ಬರೀ ಐದು ಭೇಟಿಗಳದ್ದು. ಸ್ತನ, ಕರುಳು, ಚರ್ಮದ ಕ್ಯಾನ್ಸರ್‌ನಿಂದ ಗುಣವಾದ 222 ಜನರ ಮೇಲೆ ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಬರೀ ಮೈಮನಸ್ಸು ಸಡಿಲಿಸುವ ಅಭ್ಯಾಸ ಕಲಿತವರಿಗಿಂತ ಇವರ ಭಯ ಹೆಚ್ಚು ಇಳಿಯಿತು, ಆರು ತಿಂಗಳಾದರೂ ಆ ವ್ಯತ್ಯಾಸ ಉಳಿದಿತ್ತು. ಅದರಲ್ಲಿ ಒಂದು ಭಾಗ ಬರೀ ಮಾಹಿತಿ: ಮೈಯನ್ನು ಎಷ್ಟು ಸಲ ಪರೀಕ್ಷಿಸಿಕೊಳ್ಳಬೇಕು, ಯಾವುದಕ್ಕೆ ಡಾಕ್ಟರ್ ಹತ್ತಿರ ಹೋಗಬೇಕು ಅನ್ನುವುದು. ಇದು ಸಣ್ಣ ಮಾತಲ್ಲ. ಹೊಸದಾಗಿ ಬಂದ ನೋವು ಎರಡು ವಾರವಾದರೂ ಹೋಗದಿದ್ದರೆ ಅಥವಾ ದಿನದಿಂದ ದಿನಕ್ಕೆ ಜಾಸ್ತಿಯಾದರೆ ತೋರಿಸಿ. ಗಂಟು, ಉಸಿರಾಟದ ತೊಂದರೆ ಕಂಡರೆ ಕಾಯಬೇಡಿ. ಇಂಥ ಒಂದು ಗೆರೆ ಇದ್ದರೆ ರಾತ್ರಿ ಎರಡು ಗಂಟೆಗೆ ತಾನೇ ಡಾಕ್ಟರಾಗುವ ಕೆಲಸ ತಪ್ಪುತ್ತದೆ. ನಿಮ್ಮ ಗೆರೆ ಎಲ್ಲಿ ಅಂತ ನಿಮ್ಮ ಆಂಕಾಲಜಿಸ್ಟ್ ಹತ್ತಿರ ಕೇಳಿ ಬರೆಸಿಕೊಳ್ಳಿ.

ಮನೆಯವರ ಪಾತ್ರವೂ ಇದೆ. 'ಆ ವಿಷಯ ಈಗ ಬೇಡ' ಅಂತ ಮಾತು ತಿರುಗಿಸುವ ಮನೆಯಲ್ಲಿ ಅದೇ ಯೋಚನೆ ಹೆಚ್ಚು ಗಾಯ ಮಾಡುತ್ತದೆ, ಹೇಳಿಕೊಳ್ಳಲು ಜಾಗವಿರುವ ಮನೆಯಲ್ಲಿ ಕಡಿಮೆ. ಪರಿಹಾರ ಹೇಳಬೇಕಾಗಿಲ್ಲ. ಅವಳು 'ಭಯ ಆಗ್ತಿದೆ' ಅಂದಾಗ 'ಯಾವುದರ ಬಗ್ಗೆ ಜಾಸ್ತಿ ಭಯ?' ಅಂತ ಕೇಳಿ ಸುಮ್ಮನೆ ಕೂತರೂ ಸಾಕು.

ಕೊನೆಗೆ ಒಂದು ಎಚ್ಚರಿಕೆ, ಯಾಕಂದರೆ ಎಲ್ಲವನ್ನೂ ಯೋಚನೆಯ ತಲೆಗೇ ಕಟ್ಟುವುದು ಇನ್ನೊಂದು ಬಗೆಯ ಅನ್ಯಾಯ. ಕೀಮೋ ಜೊತೆ ಕೊಡುವ ಸ್ಟಿರಾಯ್ಡ್ ನಿದ್ದೆ ಕೆಡಿಸುತ್ತದೆ, ಮನಸ್ಸನ್ನೂ ಏರುಪೇರು ಮಾಡುತ್ತದೆ. ರಕ್ತ ಕಡಿಮೆಯಾದರೆ, ಥೈರಾಯ್ಡ್ ಏರುಪೇರಾದರೆ, ಚಿಕಿತ್ಸೆಯಿಂದ ಮುಟ್ಟು ಇದ್ದಕ್ಕಿದ್ದಂತೆ ನಿಂತರೆ ಸುಸ್ತು, ಸಿಡುಕು, ಬೇಜಾರು ಬರುವುದು ಸಹಜ, ಅದಕ್ಕೆ ರಕ್ತಪರೀಕ್ಷೆ, ಔಷಧಿ ಬೇಕು. ಎರಡು ವಾರಕ್ಕೂ ಮೀರಿ ದಿನದ ಬಹುಪಾಲು ಹೊತ್ತು ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಅದನ್ನು ಖಿನ್ನತೆ ಅಂತ ಪರಿಗಣಿಸಿ ಚಿಕಿತ್ಸೆ ಕೇಳಿ. ಸಾಯಬೇಕು ಅನ್ನುವ ಯೋಚನೆ ಬಂದರೆ ಅದೇ ದಿನ ಹೇಳಿ, ಮುಂದಿನ ಫಾಲೋಅಪ್‌ವರೆಗೆ ಇಟ್ಟುಕೊಳ್ಳಬೇಡಿ. ಮನೋವೈದ್ಯರ ಹತ್ತಿರ ಹೋದಾಗ ಟ್ಯಾಮಾಕ್ಸಿಫೆನ್ (ಸ್ತನ ಕ್ಯಾನ್ಸರ್‌ಗೆ ಕೊಡುವ ಹಾರ್ಮೋನ್ ಚಿಕಿತ್ಸೆಯ ಮಾತ್ರೆ) ತೆಗೆದುಕೊಳ್ಳುತ್ತಿದ್ದರೆ ಅದನ್ನು ಮೊದಲೇ ತಿಳಿಸಿ. ಪ್ಯಾರಾಕ್ಸಿಟಿನ್, ಫ್ಲೂಯಾಕ್ಸಿಟಿನ್‌ನಂಥ ಕೆಲವು ಖಿನ್ನತೆಯ ಮಾತ್ರೆಗಳು ಟ್ಯಾಮಾಕ್ಸಿಫೆನ್ ದೇಹದಲ್ಲಿ ಕೆಲಸ ಮಾಡುವ ರೂಪಕ್ಕೆ ಬದಲಾಗುವುದನ್ನು ತಡೆಯುತ್ತವೆ. ವೆನ್ಲಾಫ್ಯಾಕ್ಸಿನ್‌ನಂಥ ಬೇರೆ ಮಾತ್ರೆಗಳಿವೆ, ಆಯ್ಕೆ ಡಾಕ್ಟರಿಗೆ ಬಿಡಿ. ಈಗಾಗಲೇ ಅಂಥ ಮಾತ್ರೆ ನುಂಗುತ್ತಿದ್ದರೆ ಓದಿದ ತಕ್ಷಣ ನಿಲ್ಲಿಸಲು ಹೋಗಬೇಡಿ. ಚೀಟಿ ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಹೋಗಿ ಕೇಳಿ.